ಆರು ತುಂಬಲು ಮೂರು ದಿನ ಬಾಕಿ: ಕ್ರೂಸ್ ಹಡಗಿನ ಮಕ್ಕಳ ಕ್ಲಬ್ಬಿನಲ್ಲಿ ನನ್ನ ಇಬ್ಬರು ಮಕ್ಕಳು

ಹಡಗು ಹತ್ತಿದ ದಿನ ನನ್ನ ಮಗನಿಗೆ ಆರು ವರ್ಷ ತುಂಬಲು ಮೂರು ದಿನ ಬಾಕಿ ಇತ್ತು. ಮಗಳಿಗೆ ಎಂಟು ತುಂಬಿ ಎರಡು ತಿಂಗಳಾಗಿತ್ತು. ಟಿಕೆಟ್ ತೆಗೆಯುವಾಗ ಈ ಮೂರು ದಿನದ ಲೆಕ್ಕ ನನ್ನ ತಲೆಗೇ ಬಂದಿರಲಿಲ್ಲ. ಏಳು ರಾತ್ರಿಯ ಪ್ರಯಾಣ ಮುಗಿಸಿ ಬಂದ ಮೇಲೆ ಗೊತ್ತಾಗಿದೆ, ಎಲ್ಲಕ್ಕಿಂತ ಮೊದಲು ನೋಡಬೇಕಿದ್ದುದು ಅದನ್ನೇ.

ಹಡಗಿನ ಈಜುಕೊಳ ಚೆನ್ನಾಗಿತ್ತು. ನೀರಿನ ಜಾರುಬಂಡೆ ಚೆನ್ನಾಗಿತ್ತು. ರಾತ್ರಿಯ ಕಾರ್ಯಕ್ರಮಗಳೂ ಚೆನ್ನಾಗಿದ್ದವು. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುವುದು ಮಕ್ಕಳ ಕ್ಲಬ್ಬಿನ ಬಗ್ಗೆ ಮಾತ್ರ, ಅಂದರೆ ನಾವು ಬಿಟ್ಟು ಹೋದ ಮಕ್ಕಳನ್ನು ಹಡಗಿನ ಸಿಬ್ಬಂದಿ ವಯಸ್ಸಿಗೆ ತಕ್ಕ ಗುಂಪು ಮಾಡಿ ಆಡಿಸುತ್ತಾ ನೋಡಿಕೊಳ್ಳುವ ಜಾಗ. ಅದರಲ್ಲೂ ಮನೆಯಲ್ಲಿ ಒಂದಕ್ಕಿಂತ ಜಾಸ್ತಿ ಮಕ್ಕಳಿರುವವರಿಗಾಗಿ. ಒಂದೇ ಮಗು ಇದ್ದರೆ ಗುಂಪು ಯಾವುದು ಅಂತ ಒಮ್ಮೆ ನೋಡಿದರೆ ಸಾಕು. ಇಬ್ಬರಿದ್ದರೆ ಗುಂಪಿನ ಗೆರೆ ಎಲ್ಲಿ ಬೀಳುತ್ತದೆ ಅಂತ ನೋಡಬೇಕು.

ನಾವು ಹೋಗಿದ್ದು ಏಳು ಜನ. ನಾನು, ನನ್ನ ಗಂಡ, ಇಬ್ಬರು ಮಕ್ಕಳು. ಜೊತೆಗೆ ನನ್ನ ಅಕ್ಕ, ಭಾವ, ಅವರ ಮಗ. ಅವನಿಗೆ ಆಗಷ್ಟೇ ಹನ್ನೆರಡು ತುಂಬಿತ್ತು. ನನ್ನ ಮಕ್ಕಳಿಗೆ ಈ ಅಣ್ಣ ಅಂದರೆ ಪ್ರಾಣ. ಮೂವರೂ ದಿನವಿಡೀ ಒಟ್ಟಿಗೆ ಆಡುತ್ತಾರೆ, ದೊಡ್ಡವರಿಗೂ ಸ್ವಲ್ಪ ಬಿಡುವು ಸಿಗುತ್ತದೆ ಅಂತ ನಾನೂ ಅಕ್ಕನೂ ಅಂದುಕೊಂಡಿದ್ದೆವು.

ಹತ್ತಿದ ದಿನ ಮಧ್ಯಾಹ್ನವೇ ಕ್ಲಬ್ಬಿಗೆ ಹೆಸರು ಬರೆಸಲು ಹೋದೆವು. ಇದನ್ನು ಎಲ್ಲರೂ ಮಾಡಿ. ಮಾರನೇ ದಿನ ಬೆಳಗ್ಗೆ ಹೋದರೆ ಉದ್ದದ ಸಾಲು ಇರುತ್ತದೆ. ಮಕ್ಕಳೂ ಮೊದಲ ದಿನವೇ ಜಾಗ ನೋಡಿಬಿಟ್ಟರೆ ಮಾರನೇ ದಿನ ಅಳುವುದು ಕಡಿಮೆ. ಬಾಗಿಲ ಹತ್ತಿರದ ಮೇಜಿನಲ್ಲಿ ಫಾರಂ ಕೊಟ್ಟರು. ಏನಾದರೂ ಅಲರ್ಜಿ ಇದೆಯಾ, ಯಾವುದಕ್ಕಾದರೂ ಹೆದರುತ್ತಾರಾ, ಕರೆದುಕೊಂಡು ಹೋಗಲು ಯಾರು ಯಾರು ಬರಬಹುದು ಅಂತ ಕೇಳಿದ್ದರು. ಕರೆದೊಯ್ಯುವಾಗ ಹೇಳಲು ಒಂದು ಗುಟ್ಟಿನ ಪದವನ್ನೂ ನಾವೇ ಆರಿಸಬೇಕಿತ್ತು. ಅಷ್ಟರಲ್ಲಿ ಮೇಜಿನ ಹಿಂದಿದ್ದ ಹುಡುಗಿ ಮಗನ ಹುಟ್ಟಿದ ದಿನಾಂಕ ನೋಡಿ ಒಂದು ಕ್ಷಣ ಸುಮ್ಮನಾದಳು.

ಆ ಹಡಗಿನಲ್ಲಿ ಗುಂಪುಗಳು ಹೀಗಿದ್ದವು: 3ರಿಂದ 5, 6ರಿಂದ 8, 9ರಿಂದ 11, ಆಮೇಲೆ 12ರಿಂದ 14 ಮತ್ತು 15ರಿಂದ 17. ಹಡಗು ಹತ್ತಿದ ದಿನ ಮಗುವಿಗೆ ಎಷ್ಟು ವಯಸ್ಸೋ ಕೊನೆಯವರೆಗೂ ಅದೇ ಲೆಕ್ಕ. ಮಧ್ಯೆ ಹುಟ್ಟಿದಹಬ್ಬ ಬಂದರೂ ಬದಲಾಗುವುದಿಲ್ಲ. ಮಗ 3ರಿಂದ 5ರ ಗುಂಪು. ಮಗಳು 6ರಿಂದ 8. ಅಕ್ಕನ ಮಗ ಇನ್ನೊಂದು ಡೆಕ್ಕಿನಲ್ಲಿದ್ದ (ಅಂದರೆ ಹಡಗಿನ ಬೇರೆ ಮಹಡಿಯಲ್ಲಿದ್ದ) ದೊಡ್ಡ ಹುಡುಗರ ಕೋಣೆ. ಮೂರು ಮಕ್ಕಳು, ಮೂರು ಬಾಗಿಲು.

"ಮೂರೇ ದಿನ ಅಲ್ವಾ?" ಅಂತ ಕೇಳಿದೆ. ಆ ಹುಡುಗಿ ಬೇಸರದ ಮುಖ ಮಾಡಿದಳು, ಆದರೆ ಖಡಾಖಂಡಿತವಾಗಿ ಆಗುವುದಿಲ್ಲ ಅಂದಳು. ಚಿಕ್ಕವರನ್ನು ಮೇಲಿನ ಗುಂಪಿಗೆ ಕಳಿಸುವಂತಿಲ್ಲ. ಬೇಕಿದ್ದರೆ ದೊಡ್ಡವಳು ಕೆಳಗಿನ ಗುಂಪಿಗೆ ಬಂದು ತಮ್ಮನ ಜೊತೆ ಇರಬಹುದು, ಕೋಣೆಯಲ್ಲಿ ಜಾಗ ಇದ್ದರೆ ಮಾತ್ರ. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಆ ನಿಯಮದಲ್ಲಿ ಅರ್ಥ ಇದೆ. ಚಿಕ್ಕ ಮಕ್ಕಳ ಕೋಣೆಯಲ್ಲಿ ನೋಡಿಕೊಳ್ಳುವವರು ಜಾಸ್ತಿ ಬೇಕು. ಎಷ್ಟು ಮಕ್ಕಳಿಗೆ ಎಷ್ಟು ಜನ ಅಂತ ಗುಂಪಿನ ಮೇಲೆ ಲೆಕ್ಕ ಹಾಕಿರುತ್ತಾರೆ. ಮೂರು ದಿನ ಅಂತ ಒಬ್ಬರನ್ನು ಬಿಟ್ಟರೆ ಮೂರು ತಿಂಗಳು ಅಂತ ಇನ್ನೊಬ್ಬರು ಬರುತ್ತಾರೆ.

ಎರಡು ಕೋಣೆಗಳ ನಡುವೆ ಇದ್ದದ್ದು ಗಾಜಿನ ಗೋಡೆ. ಇದನ್ನು ನಾನು ಮೊದಲು ಗಮನಿಸಿರಲಿಲ್ಲ, ಮಗ ಗಮನಿಸಿದ. ಆ ಕಡೆ ತನ್ನ ಅಕ್ಕ ಏನು ಮಾಡುತ್ತಿದ್ದಾಳೆ ಅಂತ ಇಲ್ಲಿಂದ ಕಾಣುತ್ತಿತ್ತು.

ಎರಡನೇ ದಿನ ಹಡಗು ಎಲ್ಲೂ ನಿಲ್ಲಲಿಲ್ಲ, ಪೂರ್ತಿ ಸಮುದ್ರದ ಮೇಲೆ. ಇಂಥ ದಿನಗಳಲ್ಲಿ ಕ್ಲಬ್ಬಿಗೆ ಜನ ಜಾಸ್ತಿ. ಬೆಳಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5, ಸಂಜೆ 7ರಿಂದ 10 ತೆರೆದಿರುತ್ತಿತ್ತು. ಇಷ್ಟು ಹೊತ್ತಿಗೆ ಬೇರೆ ದುಡ್ಡಿಲ್ಲ, ಟಿಕೆಟ್ಟಿನಲ್ಲೇ ಸೇರಿತ್ತು. ರಾತ್ರಿ 10ರ ನಂತರ ಬಿಟ್ಟರೆ ಮಾತ್ರ ಗಂಟೆ ಲೆಕ್ಕದಲ್ಲಿ ಕಟ್ಟಬೇಕು. ಬೆಳಗ್ಗೆ ಮಗಳು ತಾನಾಗಿಯೇ, "ಅಮ್ಮ, ನಾನು ಅವನ ಜೊತೇನೇ ಇರ್ತೀನಿ" ಅಂದಳು. ಅವಳನ್ನು ಚಿಕ್ಕವರ ಕೋಣೆಗೇ ಕಳಿಸಿದೆ. ಮಧ್ಯಾಹ್ನ ಕರೆದುಕೊಂಡು ಬರಲು ಹೋದಾಗ ಮಗ ನೆಲದ ಮೇಲೆ ಕೂತು ಅಷ್ಟೆತ್ತರದ ಕೋಟೆ ಕಟ್ಟುತ್ತಿದ್ದ. ಮಗಳು ಗಾಜಿನ ಗೋಡೆಗೆ ಒರಗಿ ನಿಂತು ಆ ಕಡೆ ನೋಡುತ್ತಿದ್ದಳು. ಅಲ್ಲಿ ಅವಳ ವಯಸ್ಸಿನವರು ಬಿಳಿ ಕೋಟು ಹಾಕಿಕೊಂಡು ಅಂಟಂಟು ಸ್ಲೈಮ್ ಕಲಸುತ್ತಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ಅವಳು ಏನೂ ಹೇಳಲಿಲ್ಲ. ನಾನೇ, "ನಿನ್ನ ಕೋಣೆಗೆ ಹೋಗ್ತೀಯಾ?" ಅಂತ ಕೇಳಿದೆ. ತಮ್ಮನ ಮುಖ ನೋಡಿದಳು. ಎಂಟು ವರ್ಷದ ಮಗುವಿಗೆ ಇದು ಸಣ್ಣ ಭಾರವಲ್ಲ. ರಜೆಯಲ್ಲಿ ಅವಳೂ ಮಗುವಾಗಿರಬೇಕಲ್ಲವೇ? ಕೆಳಗಿನ ಗುಂಪಿಗೆ ಹೋಗುವ ಅವಕಾಶ ಇದೆ ಅಂದ ತಕ್ಷಣ ನಾನು ಅದನ್ನು ಪರಿಹಾರ ಅಂದುಕೊಂಡೆ. ನಿಜವಾಗಿ ಅದು ದೊಡ್ಡ ಮಗುವಿನ ತಲೆಯ ಮೇಲೆ ನಮ್ಮ ಕೆಲಸ ಹೊರಿಸುವುದು. ಯಾವ ಹಡಗಿನವರು ಈ ಅವಕಾಶ ಕೊಟ್ಟರೂ ಒಂದೋ ಎರಡೋ ಗಂಟೆಗೆ ಬಳಸಿ, ಮಗು ಹೊಂದಿಕೊಳ್ಳುವವರೆಗೆ. ವಾರವಿಡೀ ಬೇಡ.

ಆ ಮಧ್ಯಾಹ್ನ ಇಬ್ಬರನ್ನೂ ಅವರವರ ಕೋಣೆಗೆ ಬಿಟ್ಟೆವು. ಮಗ ಅತ್ತ. ಹತ್ತು ನಿಮಿಷ ನಾನು ಹೊರಗೇ ನಿಂತಿದ್ದೆ. ಮಗಳು ಗಾಜಿನ ಆ ಬದಿಗೆ ಬಂದು ಅಂಗೈ ಇಟ್ಟಳು. ಇವನು ಈ ಬದಿಯಿಂದ ಅಂಗೈ ಇಟ್ಟ. ಒಬ್ಬ ಮಿಸ್ ಬಂದು ಇವನ ಪಕ್ಕ ಕೂತು, ಸ್ವಲ್ಪ ಹೊತ್ತು ಆದ ಮೇಲೆ ಕೋಟೆಯ ಕಡೆ ಕರೆದುಕೊಂಡು ಹೋದಳು. ಎಳೆದುಕೊಂಡು ಹೋಗಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತಿದ್ದಳು. ಆ ಸಿಬ್ಬಂದಿಯ ತಾಳ್ಮೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಮೂರನೇ ದಿನ ಸಂಜೆಯದ್ದು ನನ್ನ ದೂರು. ಅವತ್ತು ಹಡಗು ಬಂದರಿನಲ್ಲಿತ್ತು, ನಾವೆಲ್ಲ ಸುತ್ತಾಡಿ ಸುಸ್ತಾಗಿ ಬಂದಿದ್ದೆವು. ಸಂಜೆ ಏಳೂ ಹತ್ತಕ್ಕೆ ಮಕ್ಕಳನ್ನು ಬಿಡಲು ಹೋದೆವು. 3ರಿಂದ 5ರ ಕೋಣೆ ತುಂಬಿದೆ, ಯಾರಾದರೂ ಹೊರಗೆ ಹೋದರೆ ಕರೆಯುತ್ತೇವೆ ಅಂದರು. ಮಗಳ ಕೋಣೆಯಲ್ಲಿ ಜಾಗ ಇತ್ತು. ಅವಳು ಒಳಗೆ, ಇವನು ಹೊರಗೆ. ಇವನಿಗೆ ಹೇಗೆ ಅರ್ಥ ಮಾಡಿಸುವುದು? ನಲವತ್ತು ನಿಮಿಷ ಕಾದೆವು. ಹಡಗಿನ ಆ್ಯಪ್‌ನಲ್ಲಿ ಸಂದೇಶ ಬರುತ್ತದೆ ಅಂದಿದ್ದರು. ಮೇಲಿನ ಡೆಕ್ಕಿಗೆ ಹೋದರೆ ಆ್ಯಪ್ ಸರಿಯಾಗಿ ನಡೆಯುತ್ತಿರಲಿಲ್ಲ. ಹಾಗಾಗಿ ಕ್ಲಬ್ಬಿನ ಬಾಗಿಲಲ್ಲೇ ನಿಂತೆವು. ಕೋಣೆಗೆ ಇಷ್ಟೇ ಮಕ್ಕಳು ಅಂತ ಮಿತಿ ಇರಲೇಬೇಕು, ಅದು ಮಕ್ಕಳ ಒಳ್ಳೆಯದಕ್ಕೇ. ಆದರೆ ಮೊದಲ ದಿನ ಫಾರಂ ತುಂಬಿಸುವಾಗಲೇ ಅದನ್ನು ಹೇಳಬೇಕಿತ್ತು. ಒಂದೇ ಮನೆಯ ಮಕ್ಕಳಿಗೆ ಎರಡೂ ಕೋಣೆಯಲ್ಲಿ ಜಾಗ ಇದೆಯಾ ಅಂತ ನೋಡಿ ಹೇಳುವ ಒಂದು ವ್ಯವಸ್ಥೆ ಇರಬೇಕಿತ್ತು. ಚಿಕ್ಕವರ ಗುಂಪೇ ಮೊದಲು ತುಂಬುತ್ತದೆ. ಅದಕ್ಕೇ ಮೊದಲು ಚಿಕ್ಕ ಮಗುವನ್ನು ಬಿಡಿ, ಆಮೇಲೆ ದೊಡ್ಡ ಮಗು. ನಾವು ಮಾಡಿದ್ದು ಉಲ್ಟಾ.

ಇನ್ನೊಂದು ಸಣ್ಣ ತೊಂದರೆ: ಎರಡು ಗುಂಪಿನ ವೇಳಾಪಟ್ಟಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮಗಳ ಕೋಣೆಯಲ್ಲಿ ನಾಟಕದ ಅಭ್ಯಾಸ ನಾಲ್ಕೂವರೆವರೆಗೆ, ಇವನ ಕೋಣೆಯಲ್ಲಿ ನಾಲ್ಕಕ್ಕೇ ಮೆರವಣಿಗೆ ಮುಗಿದು ಮಕ್ಕಳಿಗೆ ಬೇಜಾರು ಶುರು. ಕರೆದುಕೊಂಡು ಹೋಗಲು ಎರಡು ಸಾಲು. ನಾನೂ ಗಂಡನೂ ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ ನಿಲ್ಲುತ್ತಿದ್ದೆವು. ಒಬ್ಬರೇ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಕಷ್ಟ.

ನಾಲ್ಕನೇ ದಿನ ಮಗನ ಹುಟ್ಟಿದಹಬ್ಬ. ಬೆಳಗ್ಗೆ ಕಣ್ಣು ಬಿಟ್ಟವನೇ, "ಇವತ್ತಿಂದ ಅಕ್ಕನ ಕೋಣೆ ಅಲ್ವಾ ಅಮ್ಮ?" ಅಂದ. ಇಲ್ಲ ಅಂತ ನಾನು ಆಗಲೇ ಎರಡು ಸಲ ಹೇಳಿದ್ದೆ. ಕ್ಲಬ್ಬಿನ ಮೇಜಿನ ಮುಂದೆ ನಿಂತು ತಾನೇ ಹೇಳಿದ, "ನನಗೆ ಈಗ ಆರು." ಆ ಹುಡುಗಿ ಮೇಜಿನ ಹಿಂದಿನಿಂದ ಎದ್ದು ಬಂದು ಇವನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತಳು. ನಿಯಮ ಬದಲಾಗಿಲ್ಲ ಅಂತ ಮೊದಲೇ ನೇರವಾಗಿ ಹೇಳಿದಳು. ಆಮೇಲೆ, "ಆದರೆ ಈ ಕೋಣೆಯಲ್ಲಿ ಆರು ವರ್ಷದವನು ನೀನೊಬ್ಬನೇ. ಚಿಕ್ಕವರಿಗೆ ಮೆರವಣಿಗೆಯಲ್ಲಿ ದಾರಿ ತೋರಿಸೋಕೆ ಒಬ್ಬರು ಬೇಕು" ಅಂದಳು. ಇವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ನನ್ನ ಕೈ ಬಿಟ್ಟ.

ಅವತ್ತು ಮಧ್ಯಾಹ್ನದ ಮೆರವಣಿಗೆಯಲ್ಲಿ ಬಾವುಟ ಹಿಡಿದು ಎಲ್ಲರ ಮುಂದೆ ನಡೆದವನು ನನ್ನ ಮಗ. ಹಿಂದೆ ಹನ್ನೆರಡು ಹದಿಮೂರು ಪುಟಾಣಿಗಳು. ಮನೆಯಲ್ಲಿ ಇವನು ಯಾವಾಗಲೂ ಚಿಕ್ಕವನು. ಆಟದಲ್ಲಿ ಕೊನೆಯ ಸರದಿ ಇವನದು, ಅಕ್ಕ ಹೇಳಿದ್ದೇ ನಿಯಮ. ದೊಡ್ಡವನಾಗಿ ನಿಲ್ಲುವ ಸಂದರ್ಭ ಇವನಿಗೆ ಮೊದಲ ಸಲ ಸಿಕ್ಕಿದ್ದು ಆ ಕೋಣೆಯಲ್ಲಿ. ಅಕ್ಕನ ಜೊತೆ ಮೇಲಿನ ಗುಂಪಿಗೆ ಹೋಗಿದ್ದರೆ ಅಲ್ಲೂ ಎಲ್ಲರಿಗಿಂತ ಚಿಕ್ಕವನೇ ಆಗಿರುತ್ತಿದ್ದ. ಮಕ್ಕಳು ಒಟ್ಟಿಗೇ ಇರಬೇಕು ಅಂತ ಹಠ ಹಿಡಿದಿದ್ದ ನನಗೆ ಇದು ಹೊಳೆದೇ ಇರಲಿಲ್ಲ. ಐದನೇ ದಿನದಿಂದ ಅವನು ಅಳಲಿಲ್ಲ. ಗಾಜಿನ ಹತ್ತಿರ ಹೋಗಿ ಅಕ್ಕನಿಗೆ ಒಮ್ಮೆ ಕೈ ಬೀಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದ.

ನನ್ನ ಅಕ್ಕನ ಮಗನ ಕಥೆಯೇ ಬೇರೆ. 12ರಿಂದ 14ರ ಕೋಣೆಗೆ ತಂದೆತಾಯಿ ಸಹಿ ಹಾಕಿ ಬಿಡಬೇಕಿಲ್ಲ, ಕರೆದುಕೊಂಡೂ ಬರಬೇಕಿಲ್ಲ. ಹುಡುಗರು ತಾವೇ ಬರುತ್ತಾರೆ, ತಾವೇ ಹೋಗುತ್ತಾರೆ. ಹನ್ನೊಂದರಿಂದ ಹನ್ನೆರಡಕ್ಕೆ ಕಾಲಿಟ್ಟ ತಕ್ಷಣ ಇಷ್ಟು ಸ್ವಾತಂತ್ರ್ಯ. ಮೊದಲ ರಾತ್ರಿ ಅವನು ಮಲಗಲು ಕ್ಯಾಬಿನ್ನಿಗೆ ಬಂದಾಗ ಗಂಟೆ ಹನ್ನೊಂದು ದಾಟಿತ್ತು. ಅಕ್ಕ ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದಳು. ಮಾರನೇ ದಿನದಿಂದ ಒಂದು ಒಪ್ಪಂದ ಮಾಡಿಕೊಂಡರು: ರಾತ್ರಿ ಊಟ ಎಲ್ಲರೂ ಒಟ್ಟಿಗೆ, ಹತ್ತಕ್ಕೆ ಕ್ಯಾಬಿನ್ನಿಗೆ ವಾಪಸ್, ಬೇರೆ ಯಾರ ಕ್ಯಾಬಿನ್ನಿಗೂ ಹೋಗುವಂತಿಲ್ಲ. ಅದನ್ನು ಅವನು ಪಾಲಿಸಿದ. ನಿಮ್ಮ ಮಗುವಿಗೆ ಹನ್ನೆರಡು ತುಂಬಿದ್ದರೆ ಈ ಮಾತು ಹಡಗು ಹತ್ತುವ ಮೊದಲೇ ಆಗಲಿ. ಹತ್ತಿದ ಮೇಲೆ ಅಲ್ಲಿ ಹೊಸ ಗೆಳೆಯರ ಮುಂದೆ ಹೇಳಿದರೆ ಅವರಿಗೆ ಅವಮಾನ ಆಗುತ್ತದೆ.

ಮೂವರೂ ಒಟ್ಟಿಗೆ ಸಿಗುತ್ತಿದ್ದುದು ಮಧ್ಯಾಹ್ನ 12ರಿಂದ 2ರವರೆಗೆ, ಕ್ಲಬ್ಬು ಮುಚ್ಚಿರುವಾಗ. ಆ ಎರಡು ಗಂಟೆಗಳಿಗಾಗಿ ಮಗಳು ಬೆಳಗಿನಿಂದ ಕಾಯುತ್ತಿದ್ದಳು. "ಚಿಕ್ಕಮ್ಮ, ಇಬ್ಬರನ್ನೂ ನಾನೇ ಕೊಳದ ಹತ್ತಿರ ಕರ್ಕೊಂಡು ಹೋಗ್ತೀನಿ, ನೀವೂ ಬನ್ನಿ" ಅಂತ ಅಕ್ಕನ ಮಗ ತಾನೇ ಬಂದು ಕರೆಯುತ್ತಿದ್ದ. ಕ್ಲಬ್ಬಿನ ಸಮಯ ಕಡಿಮೆ ಅಂತ ಬೈಯುವವರನ್ನು ನೋಡಿದ್ದೇನೆ. ನನಗೆ ಆ ಬಿಡುವೇ ಪ್ರಯಾಣದ ಅತ್ಯುತ್ತಮ ಭಾಗ ಅನಿಸಿತು.

ಸುರಕ್ಷತೆ ಬಗ್ಗೆ ಒಂದು ಮಾತು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತಷ್ಟೇ ಹಡಗು ಹತ್ತಿದವರಿಗೆ ತುರ್ತು ಅಭ್ಯಾಸ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಡುತ್ತಿದ್ದಂತೆ ಮಾಡಲೇಬೇಕು. ಆ ಅಭ್ಯಾಸದಲ್ಲಿ ನಾವು ಸೇರಬೇಕಾದ ಜಾಗಕ್ಕೆ ಮಸ್ಟರ್ ಸ್ಟೇಷನ್ ಅನ್ನುತ್ತಾರೆ. ನಮ್ಮ ಮಕ್ಕಳ ಮಣಿಕಟ್ಟಿಗೆ ಆ ಜಾಗದ ಅಕ್ಷರ ಬರೆದ ಪಟ್ಟಿ ಕಟ್ಟಿದ್ದರು. ನಾನು ಕೇಳಿದ ಪ್ರಶ್ನೆ ಒಂದೇ: ಸೈರನ್ ಆದಾಗ ಮಕ್ಕಳು ಎರಡು ಬೇರೆ ಕೋಣೆಯಲ್ಲಿದ್ದರೆ ಏನು ಮಾಡಬೇಕು? ಕ್ಲಬ್ಬಿನ ಕಡೆ ಓಡಿ ಬರಬೇಡಿ, ಪಟ್ಟಿಯ ಅಕ್ಷರ ನೋಡಿ ಇಬ್ಬರನ್ನೂ ನಿಮ್ಮ ಜಾಗಕ್ಕೇ ನಾವು ಕರೆತರುತ್ತೇವೆ ಅಂದರು. ಈ ಉತ್ತರವನ್ನು ನೀವೂ ನಿಮ್ಮ ಹಡಗಿನಲ್ಲಿ ಕೇಳಿ ತಿಳಿದುಕೊಳ್ಳಿ. ದೊಡ್ಡ ಹುಡುಗರಿಗೆ ಪಟ್ಟಿ ಕಟ್ಟಿರಲಿಲ್ಲ. ಅಕ್ಕ ತನ್ನ ಮಗನನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿ, ದಾರಿಯನ್ನು ಎರಡು ಸಲ ನಡೆಸಿದಳು.

ಬಂದ ಮೇಲೆ ಬೇರೆ ಕಂಪನಿಗಳ ಗುಂಪುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕೂತೆ. ಒಬ್ಬೊಬ್ಬರದು ಒಂದೊಂದು ಗೆರೆ. ಕಾರ್ನಿವಲ್‌ನ ಕ್ಯಾಂಪ್ ಓಷನ್‌ನಲ್ಲಿ 2ರಿಂದ 5, 6ರಿಂದ 8, 9ರಿಂದ 11. ನಾರ್ವೀಜಿಯನ್‌ನ ಸ್ಪ್ಲಾಶ್ ಅಕಾಡೆಮಿಯಲ್ಲಿ 3ರಿಂದ 5, 6ರಿಂದ 9, 10ರಿಂದ 12. ಈ ಎರಡರಲ್ಲೂ ನನ್ನ ಮಕ್ಕಳಿಗೆ ಇದೇ ಮೂರು ದಿನದ ಕಥೆ ಆಗುತ್ತಿತ್ತು. ಎಂಎಸ್‌ಸಿ ಹಡಗುಗಳಲ್ಲಿ ಗೆರೆ 6 ಮತ್ತು 7ರ ನಡುವೆ ಇದೆ: 3ರಿಂದ 6 ಮಿನಿ, 7ರಿಂದ 11 ಜೂನಿಯರ್. ಪ್ರಿನ್ಸೆಸ್‌ನಲ್ಲಿ ಚಿಕ್ಕವರಿಗೆ ಎರಡೇ ಕೋಣೆ. 3ರಿಂದ 7 ಟ್ರೀಹೌಸ್, 8ರಿಂದ 12 ಲಾಡ್ಜ್. ಅಲ್ಲಿಗೆ ಹೋಗಿದ್ದರೆ ಮಗಳೂ ಅಕ್ಕನ ಮಗನೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು, ಮಗ ಒಬ್ಬನೇ ಬೇರೆ. ಡಿಸ್ನಿ ಹಡಗುಗಳ ಓಷನಿಯರ್ ಕ್ಲಬ್ಬು 3ರಿಂದ 10ರವರೆಗೆ ಎಲ್ಲರಿಗೂ ಒಂದೇ. ಒಂದು ಮಗು ಅಂಜುಬುರುಕ, ಅಕ್ಕನನ್ನೋ ಅಣ್ಣನನ್ನೋ ಬಿಟ್ಟಿರುವುದೇ ಇಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. 11 ಆದ ಮೇಲೆ ಅಲ್ಲೂ ಬೇರೆ ಕೋಣೆ.

ಹನ್ನೆರಡರ ಆಸುಪಾಸಿನ ಮಕ್ಕಳಿಗೆ ಇನ್ನೂ ವ್ಯತ್ಯಾಸ ಇದೆ. ಕಾರ್ನಿವಲ್‌ನಲ್ಲಿ 12 ತುಂಬಿದರೆ ದೊಡ್ಡ ಹುಡುಗರ ಕಡೆ. ನಾರ್ವೀಜಿಯನ್‌ನಲ್ಲೂ ಪ್ರಿನ್ಸೆಸ್‌ನಲ್ಲೂ 13 ಆಗಬೇಕು. ಅಕ್ಕನ ಮಗನಂತೆ ಆಗಷ್ಟೇ ಹನ್ನೆರಡು ತುಂಬಿದವರಿಗೆ ಇನ್ನೊಂದು ವರ್ಷ ಮಕ್ಕಳ ಕೋಣೆಯಲ್ಲೇ ಇರುವುದು ಸರಿಯಾ, ಅಥವಾ ಸ್ವಾತಂತ್ರ್ಯ ಬೇಕಾ? ಅದು ಮಗುವನ್ನು ಬಲ್ಲವರು ಹೇಳಬೇಕು. ಅಕ್ಕನಿಗೆ ಮೊದಲನೆಯದು ಇಷ್ಟ, ಅವನಿಗೆ ಎರಡನೆಯದು.

ಮೂರಕ್ಕಿಂತ ಚಿಕ್ಕ ಕೂಸಿದ್ದರೆ ಬೇರೆಯೇ ಲೆಕ್ಕ. ರಾಯಲ್ ಕೆರಿಬಿಯನ್‌ನ ಮಕ್ಕಳ ಕ್ಲಬ್ಬಿಗೆ ಸೇರಲು ಮೂರು ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಕಾರ್ನಿವಲ್‌ನಲ್ಲಿ ಎರಡು ವರ್ಷದವರನ್ನೂ ಸೇರಿಸಿಕೊಳ್ಳುತ್ತಾರೆ. ಡಿಸ್ನಿಯಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರಿಗೆ ಬೇರೆ ನರ್ಸರಿ ಇದೆ, ಅದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು. ಮೂರು ವರ್ಷ ತುಂಬಿಯೂ ಡೈಪರ್ ಬಿಡದ ಮಗುವನ್ನು ಕರೆದುಕೊಂಡು ಹೋಗಿ ಬಾಗಿಲಿಂದ ವಾಪಸ್ ಬಂದ ಒಂದು ಜೋಡಿಯನ್ನು ನಮ್ಮ ಹಡಗಿನಲ್ಲೇ ನೋಡಿದೆ. ಅವರ ದೊಡ್ಡ ಮಗಳು ಒಳಗೆ ಖುಷಿಯಾಗಿದ್ದಳು. ಅಮ್ಮ ವಾರವಿಡೀ ಚಿಕ್ಕವನನ್ನು ಎತ್ತಿಕೊಂಡು ಡೆಕ್ಕಿನಲ್ಲಿ ನಡೆಯುತ್ತಿದ್ದರು.

ಬುಕ್ ಮಾಡುವ ಮೊದಲು ಮಕ್ಕಳ ಹುಟ್ಟಿದ ದಿನಾಂಕಗಳನ್ನೂ ಹಡಗು ಹೊರಡುವ ದಿನವನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಗೆರೆ ಎಲ್ಲಿ ಬೀಳುತ್ತದೆ ಅಂತ ಆಗಲೇ ಕಾಣುತ್ತದೆ. ನಾವು ಒಂದು ವಾರ ತಡವಾಗಿ ಹೊರಟಿದ್ದರೆ ಇಬ್ಬರೂ ಒಂದೇ ಕೋಣೆ. ಆಮೇಲೆ ಕಂಪನಿಯವರಿಗೆ ಫೋನ್ ಮಾಡಿ ಕೇಳಿ: ದೊಡ್ಡ ಮಗು ಕೆಳಗಿನ ಗುಂಪಿಗೆ ಬರಬಹುದಾ, ಕೋಣೆಗಳು ಪಕ್ಕಪಕ್ಕ ಇವೆಯಾ ಅಥವಾ ಬೇರೆ ಡೆಕ್ಕಿನಲ್ಲಾ, ಎಲ್ಲ ಗುಂಪಿನವರೂ ಸೇರುವ ಹೊತ್ತು ದಿನದಲ್ಲಿ ಇದೆಯಾ. ಗುಂಪುಗಳು ಬದಲಾಗುತ್ತಿರುತ್ತವೆ, ಒಂದೇ ಕಂಪನಿಯ ಎರಡು ಹಡಗಿನಲ್ಲೂ ವ್ಯತ್ಯಾಸ ಇರಬಹುದು. ಹಾಗಾಗಿ ನಿಮ್ಮ ಹಡಗಿನ ಹೆಸರು ಹೇಳಿಯೇ ಕೇಳಿ.

ಈ ಕ್ಲಬ್ಬಿಗೆ ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಮೂರನೇ ದಿನದ ಸಂಜೆಗೆ. ಮೇಜಿನ ಹಿಂದಿದ್ದ ಆ ಹುಡುಗಿಗೆ ಮಾತ್ರ ಕೊಡುವುದಾದರೆ ಐದಕ್ಕೆ ಐದು.

ಮುಂದಿನ ವರ್ಷ ಇದೇ ತಾರೀಖಿಗೆ ಹೋದರೆ ಮಗಳಿಗೆ ಒಂಬತ್ತು, ಮಗನಿಗೆ ಆರು. ಇದೇ ಹಡಗಾದರೆ ಮತ್ತೆ ಎರಡು ಕೋಣೆ. 6ರಿಂದ 9ರ ಗುಂಪಿರುವ ಹಡಗಾದರೆ ಒಂದೇ. ಹಾಳೆ ತೋರಿಸಿ ಮಗಳನ್ನು ಕೇಳಿದೆ, ಯಾವುದು ಬೇಕು ಅಂತ. ತುಂಬಾ ಹೊತ್ತು ನೋಡಿದಳು. "ಬೇರೆ ಕೋಣೆ ಆದ್ರೂ ಪರವಾಗಿಲ್ಲ ಅಮ್ಮ, ಮಧ್ಯದಲ್ಲಿ ಗಾಜು ಇದೆಯಾ ಅಂತ ಕೇಳು" ಅಂದಳು.